ನಮ್ಮವರ ನಾರ್ವೇಜಿಯನ್ ಉದ್ಯೋಗಗಳು

ನಮ್ಮವರು ರಿಟೈರ್ ಆದ ಮೇಲೆ ಮಾಡಿದಷ್ಟು ಕೆಲಸವನ್ನು ಆಫೀಸಿಗೆ ಹೋಗುವಾಗಲೂ ಮಾಡಿದವರಲ್ಲ. ಸೋಮವಾರ ಬೇಕರಿ, ಮಂಗಳವಾರ ದರ್ಜಿ, ಬುಧವಾರ ಅಂಚೆಯವರು, ಗುರುವಾರ ಹಲ್ಲಿನ ಡಾಕ್ಟರು. ಒಂದು ವಾರ ಪೂರ್ತಿ ಹಡಗಿನ ಕ್ಯಾಪ್ಟನ್ ಆಗಿದ್ದರು. ಅಮೆರಿಕದ ಡೌನರ್ಸ್ ಗ್ರೋವ್‌ನ ನಮ್ಮ ಬೀದಿಯಲ್ಲಿ ಹಡಗಿರಲಿ, ಕಾಗದದ ದೋಣಿ ತೇಲುವಷ್ಟು ನೀರೂ ಇಲ್ಲ. ಇಷ್ಟೆಲ್ಲ ದುಡಿದರೂ ದಿನದ ಸಂಬಳ ಒಂದು ಬಿಸ್ಕತ್ತು. ಅದರಲ್ಲಿ ಅರ್ಧ ಮುರಿದು ಕೋಟಿನ ಜೇಬಿನಲ್ಲಿಟ್ಟುಕೊಂಡು ನನಗೆ ತರುತ್ತಿದ್ದರು. ಜೇಬಿನ ಉಣ್ಣೆಯ ಎಳೆ ಅಂಟಿಕೊಂಡಿರುತ್ತಿದ್ದ ಆ ಬಿಸ್ಕತ್ತನ್ನು ನಾನು ಅವರೆದುರಿಗೇ ತಿನ್ನಬೇಕಿತ್ತು.

ಇದು ಹೇಗೆ ಶುರುವಾಯಿತು ಎಂದು ಹೇಳಬೇಕಾದರೆ ಅವರ ಒಂದು ಕೆಟ್ಟ ಚಟದ ಬಗ್ಗೆ ಹೇಳಬೇಕು. ಹೊಸಬರು ಯಾರೇ ಸಿಗಲಿ, ನಮ್ಮವರಿಗೆ ಎರಡು ವಿಷಯ ತಿಳಿಯದೆ ಉಸಿರಾಡಲು ಆಗುತ್ತಿರಲಿಲ್ಲ. ಒಂದು, ಏನು ಕೆಲಸ. ಎರಡು, ಯಾವ ಮಠ, ಯಾವ ದೇವರು. ಮೈಸೂರಿನಲ್ಲಿ ಇದು ಚಟವೇ ಅಲ್ಲ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಟಿಕೆಟ್ ತೆಗೆದುಕೊಳ್ಳುವ ಮೊದಲೇ ಕೇಳುತ್ತಾರೆ. ಆದರೆ ಅಮೆರಿಕದಲ್ಲಿ ಮೊದಲನೆಯದನ್ನು ಮೆಲ್ಲಗೆ ಕೇಳಬಹುದು, ಎರಡನೆಯದನ್ನು ಕೇಳಲೇಬಾರದು. ಇದು ನಮ್ಮ ಮಗಳು ಮೇಘಾ ಐದನೇ ಕ್ಲಾಸಿನಲ್ಲಿದ್ದಾಗಲೇ ಅಪ್ಪನಿಗೆ ಹೇಳಿಕೊಟ್ಟ ಪಾಠ. "ಅಪ್ಪಾ, ಯು ಕಾಂಟ್ ಜಸ್ಟ್ ಆಸ್ಕ್ ಪೀಪಲ್ ದಟ್," ಎನ್ನುತ್ತಿದ್ದಳು. "ಕೇಳದೆ ಹೇಗಮ್ಮ ಗೊತ್ತಾಗತ್ತೆ?" ಎನ್ನುತ್ತಿದ್ದರು ಇವರು.

ಒಮ್ಮೆ ಮನೆಯ ಹೀಟರ್ ಕೆಟ್ಟು ರಿಪೇರಿಯವನು ಬಂದ. ಹೊರಗೆ ಹಿಮ, ಒಳಗೆ ನಾನು ಎರಡು ಸ್ವೆಟರು ಹಾಕಿಕೊಂಡು ಹಲ್ಲು ಕಟಕಟಿಸುತ್ತಾ ನಿಂತಿದ್ದೆ. ಅವನು ಬೇಸ್‌ಮೆಂಟಿನಲ್ಲಿ ಮೆಷಿನ್ನಿನ ಮುಚ್ಚಳ ಬಿಚ್ಚಿ ತಲೆ ಒಳಗೆ ತೂರಿಸಿದ್ದಾನೆ. ಇವರು ಹಿಂದಿನಿಂದ, "ನೀವು ಏನನ್ನ ನಂಬ್ತೀರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅವನು ತಲೆ ಹೊರಗೆ ತೆಗೆದು, ಇವರನ್ನು ನೋಡಿ, ಸ್ಪ್ಯಾನರ್ ಕೆಳಗಿಟ್ಟು, "ಸರ್, ನೀವು ಚರ್ಚಿನಿಂದ ಬಂದವರಾ? ಹಾಗಿದ್ರೆ ನಾನು ಹೊರಡ್ತೀನಿ," ಎಂದ. ಅವನು ನಮ್ಮ ಮನೆಯಲ್ಲೇ ಇದ್ದಾನೆ, ಬಂದವನು ಅವನೇ, ಎಂಬುದನ್ನು ಅವನಿಗೆ ಅರ್ಥಮಾಡಿಸುವಷ್ಟರಲ್ಲಿ ನನ್ನ ಕಾಲಿನ ಬೆರಳುಗಳು ಮರಗಟ್ಟಿದ್ದವು. ಅಂದಿನಿಂದ ಯಾರು ಬಂದರೂ ನಾನು ಇವರ ಪಕ್ಕದಲ್ಲೇ ನಿಲ್ಲುತ್ತಿದ್ದೆ. ಇವರು ಬಾಯಿ ತೆರೆಯುವ ಮೊದಲು ಒಂದು ಕ್ಷಣ ಗಲ್ಲ ಮೇಲಕ್ಕೆತ್ತುತ್ತಿದ್ದರು. ಅಷ್ಟರಲ್ಲಿ ತೋಳು ಚಿವುಟಬೇಕು. ನನ್ನ ಅರ್ಧ ಆಯುಷ್ಯ ಆ ಗಲ್ಲವನ್ನು ಕಾಯುವುದರಲ್ಲೇ ಕಳೆಯಿತು.

ಇಂಥವರಿಗೆ ಸರಿಯಾದ ಜೋಡಿ ಪಕ್ಕದ ಮನೆಯಲ್ಲೇ ಇತ್ತು. ಇಂಗ್ರಿಡ್ ಅಜ್ಜಿ. ಮದುವೆಯಾಗಿ ಗಂಡನ ಜೊತೆ ನಾರ್ವೆಯಿಂದ ಬಂದವರು. ಗಂಡ ಬಡಗಿ, ಆ ಮನೆಯ ಬಾಗಿಲು, ಕಪಾಟು, ಮೆಟ್ಟಿಲ ಕಟಾಂಜನ ಎಲ್ಲ ಅವರ ಕೈಯದೇ. ಅವರು ತೀರಿಕೊಂಡು ಎಷ್ಟೋ ವರ್ಷವಾದ ಮೇಲೆ ಅಜ್ಜಿಗೆ ಮರೆವು ಹತ್ತಿತು. ಕೊನೆಗೆ ಕಲಿತದ್ದು ಮೊದಲು ಹೋಗುತ್ತದಂತೆ. ಹಾಗೆ ಇಂಗ್ಲಿಷು ಚೂರು ಚೂರಾಗಿ ಉದುರಿ, ನಾರ್ವೇಜಿಯನ್ ಒಂದೇ ಗಟ್ಟಿಯಾಗಿ ಉಳಿಯಿತು. ಹಗಲು ನೋಡಿಕೊಳ್ಳಲು ಒಬ್ಬಾಕೆ ಬರುತ್ತಿದ್ದಳು. ಮಗ ಎರಿಕ್ ಪಕ್ಕದೂರು ಲಿಸ್ಲ್‌ನಲ್ಲಿ ಅಕೌಂಟೆಂಟ್, ಸಂಜೆ ಬರುತ್ತಿದ್ದ. ಅವನಿಗೆ ಅಮ್ಮನ ಭಾಷೆ ಬರುತ್ತಿರಲಿಲ್ಲ. ನಮ್ಮ ಮೇಘಾಳಿಗೆ ಕನ್ನಡ ಬಂದ ಹಾಗೆ, ಊಟಕ್ಕೆ ಬಾ ಎಂದರೆ ಮಾತ್ರ ತಿಳಿಯುತ್ತಿತ್ತು.

ಒಂದು ದಿನ ನಮ್ಮವರು ಅಜ್ಜಿಯ ಮನೆಯ ಮುಂದಿನ ಹಿಮ ಎತ್ತಿಹಾಕಿ ಬಾಗಿಲು ತಟ್ಟಿದರು. ಅಜ್ಜಿ ಸರಪಳಿ ತೆಗೆಯದೆ, ಬಾಗಿಲ ಸಂದಿಯಿಂದ ಒಂದು ಕಣ್ಣು ಮಾತ್ರ ತೋರಿಸಿ, "ವಾ ಆರ್ ದು?" ಎಂದರು. ಆಮೇಲೆ, "ವಾ ತ್ರೂರ್ ದು ಪೋ?" ಸಂಜೆ ಎರಿಕ್ ಬಂದಾಗ ಫೋನಿನಲ್ಲಿ ಹುಡುಕಿ ಅರ್ಥ ಹೇಳಿದ. ನೀನು ಏನು ಕೆಲಸದವನು? ನೀನು ಯಾವುದನ್ನು ನಂಬುತ್ತೀಯ? ಅಮ್ಮ ಈಗೀಗ ಎಲ್ಲರಿಗೂ ಹೀಗೇ ಕೇಳುತ್ತಾಳೆ, ತಪ್ಪು ತಿಳಿಯಬೇಡಿ ಎಂದು ಪಾಪ ಕ್ಷಮೆ ಕೇಳಿದ.

ತಪ್ಪು ತಿಳಿಯುವುದೇ? ಇವರು ಆ ರಾತ್ರಿ ಊಟವನ್ನೇ ಸರಿಯಾಗಿ ಮಾಡಲಿಲ್ಲ. "ನೋಡಿದ್ಯೇನೆ, ಈ ದೇಶದಲ್ಲಿ ನನ್ನನ್ನ ಮನುಷ್ಯ ಅಂತ ವಿಚಾರಿಸಿದ್ದು ಅವರೊಬ್ಬರೇ," ಎಂದರು.

"ಸರಿ, ಏನಂತ ಹೇಳ್ತೀರಿ ನಾಳೆ?" ಎಂದೆ.

ಅಲ್ಲಿ ಸಿಕ್ಕಿಕೊಂಡರು. ಇವರು ಲಿಸ್ಲ್‌ನ ಒಂದು ಕಂಪನಿಯಲ್ಲಿ ಸೀನಿಯರ್ ಕಂಪ್ಲಯನ್ಸ್ ಕೋಆರ್ಡಿನೇಟರ್ ಆಗಿದ್ದವರು. ಹಾಗೆಂದರೇನು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಮ್ಮ ಅತ್ತೆ ಸಾಯುವವರೆಗೂ ಮಗ ಬ್ಯಾಂಕಿನಲ್ಲಿದ್ದಾನೆ ಎಂದೇ ಎಲ್ಲರಿಗೂ ಹೇಳಿದರು, ಇವರೂ ತಿದ್ದಲಿಲ್ಲ. ಬೇಕರಿ, ಮೀನು, ಮರ ಇಷ್ಟು ಕಂಡ ಅಜ್ಜಿಗೆ ಕೋಆರ್ಡಿನೇಟರ್ ಎಂದರೆ ಏನು ತಿಳಿದೀತು? ಅದಕ್ಕೇ ಇವರು ಒಂದು ಉಪಾಯ ಮಾಡಿದರು. ಹೇಗೂ ಅಜ್ಜಿಗೆ ನಿನ್ನೆಯದು ಇವತ್ತು ನೆನಪಿರುವುದಿಲ್ಲ. ದಿನಕ್ಕೊಂದು ಕೆಲಸ ಸಾಲ ತಂದರಾಯಿತು.

ಫೋನಿಗೆ, ಪಾಠ ತಪ್ಪಿದರೆ ಹಕ್ಕಿಯೊಂದು ಕೂಗಿ ನೆನಪಿಸುವ, ನಾರ್ವೇಜಿಯನ್ ಕಲಿಸುವ ಆ್ಯಪ್ ಹಾಕಿಕೊಂಡರು. ಬೆಕ್ಕು ಹಾಲು ಕುಡಿಯುತ್ತದೆ, ಹುಡುಗಿ ಸೇಬು ತಿನ್ನುತ್ತಾಳೆ ಎಂಬ ಪಾಠಗಳನ್ನೆಲ್ಲ ಬಿಟ್ಟು ನೇರವಾಗಿ ಉದ್ಯೋಗಕ್ಕೂ ಧರ್ಮಕ್ಕೂ ಹಾರಿದರು. ನಾನು ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದರೆ ಬೇಸ್‌ಮೆಂಟಿನಿಂದ ಒಂದೊಂದೇ ಶಬ್ದ ಮೇಲೆ ಬರುತ್ತಿತ್ತು. ಬಾಕರ್. ಸ್ಕ್ರೆಡ್ಡರ್. ಫಿಸ್ಕರ್. ತಾನ್‌ಲೇಗೆ.

"ಇಂಗ್ಲಿಷಲ್ಲಿ ಡೆಂಟಿಸ್ಟ್ ಅಂತಾರೆ. ಅದರಲ್ಲಿ ಎಲ್ಲಾದ್ರೂ ಹಲ್ಲು ಕಾಣ್ಸತ್ತಾ ನಿಂಗೆ?" ಎಂದು ಮೇಲೆ ಬಂದು ಕೇಳುತ್ತಿದ್ದರು. "ಇವರದು ನೋಡು. ತಾನ್ ಅಂದ್ರೆ ಹಲ್ಲು, ಲೇಗೆ ಅಂದ್ರೆ ವೈದ್ಯ. ನಮ್ಮ ಹಾಗೇನೇ. ಇಂಗ್ಲಿಷಿನವರು ಕೆಲಸಕ್ಕೆ ಹೆಸರಿಡೋದೇ ಅದು ಏನು ಅಂತ ಯಾರಿಗೂ ಗೊತ್ತಾಗಬಾರದು ಅಂತ. ಅಸೋಸಿಯೇಟ್, ಸ್ಪೆಷಲಿಸ್ಟ್, ಕನ್ಸಲ್ಟೆಂಟ್. ನಂಬಿಕೆನೂ ಅಷ್ಟೇ. ಏನು ನಿಂದು ಅಂದ್ರೆ, ನಾನು ಹಾಗೆ ಬೆಳೆದವನು, ಈಗ ಅಷ್ಟಾಗಿ ಇಲ್ಲ, ಆದ್ರೆ ಸ್ಪಿರಿಚುವಲ್ ಅಂತಾರೆ. ಈಕೆ ನೋಡು, ಕ್ರಿಸ್ತೆನ್. ಒಂದೇ ಮಾತು. ಮುಗೀತು."

ಹೀಗೆ ಬಾಗಿಲ ಸಂದಿಯಲ್ಲಿ ಇವರ ಉದ್ಯೋಗಪರ್ವ ನಡೆಯಿತು. ಸರಿಯಾದ ಉತ್ತರ ಸಿಕ್ಕರೆ ಅಜ್ಜಿ ಸರಪಳಿ ತೆಗೆದು ಒಳಗೆ ಕರೆದು ಬಿಸ್ಕತ್ತು ಕೊಡುತ್ತಿದ್ದರು. ಬಾಕರ್ ಎಂದ ದಿನ, ಇಲ್ಲಿನ ಬ್ರೆಡ್ಡು ಸ್ಪಂಜಿನ ಹಾಗಿರುತ್ತದೆ ಎಂದು ಕೈಸನ್ನೆಯಲ್ಲೇ ತರಾಟೆಗೆ ತೆಗೆದುಕೊಂಡರು. ಸ್ಕ್ರೆಡ್ಡರ್, ಅಂದರೆ ದರ್ಜಿ, ಎಂದ ದಿನ ಒಳಗಿನಿಂದ ಅಸ್ತರು ಹರಿದ ಕೋಟು ತಂದು ಕೈಗಿಟ್ಟರು. ಇವರಿಗೆ ಸೂಜಿಗೆ ದಾರ ಪೋಣಿಸಲೂ ಬರುವುದಿಲ್ಲ. ಉದ್ಯೋಗ ಅವರದು, ಎರಡು ಸಂಜೆ ಕೂತು ಹೊಲಿದವಳು ನಾನು. ಲೇಗೆ, ಅಂದರೆ ಡಾಕ್ಟರ್, ಎಂದ ದಿನ ಅಜ್ಜಿ ಮಂಡಿ ತೋರಿಸಿದರು. ಇವರು ಗಂಭೀರವಾಗಿ ನೋಡಿ ಚೆನ್ನಾಗಿದೆ ಎಂದರು. ಈ ಸುದ್ದಿ ನಾರ್ತ್‌ವಿಲ್‌ನಲ್ಲಿದ್ದ ಮೇಘಾಳಿಗೆ ನನ್ನ ಬಾಯಿಂದಲೇ ಹೋಯಿತು. "ಅಪ್ಪಾ, ದಟ್ಸ್ ಲಿಟರಲಿ ಎ ಕ್ರೈಮ್," ಎಂದು ಆಕೆ ಫೋನಿನಲ್ಲಿ ಕಿರುಚಿದ ಮೇಲೆ ಇವರು ವೈದ್ಯವೃತ್ತಿ ಬಿಟ್ಟು ಅಂಚೆ ಇಲಾಖೆ ಸೇರಿದರು.

ಫಿಸ್ಕರ್, ಅಂದರೆ ಮೀನುಗಾರ, ಎಂದ ದಿನ ಅಜ್ಜಿಗೆ ಸಿಟ್ಟು ಬಂತು. ಚಳಿಗಾಲದಲ್ಲಿ ಮೀನು ಹಿಡಿಯುವವನಿಗೆ ನೆಲದ ಮೇಲೇನು ಕೆಲಸ? ಎರಿಕ್ ಆಮೇಲೆ ಹೇಳಿದ ಪ್ರಕಾರ, ಅವರ ಊರಿನಲ್ಲಿ ಚಳಿ ಹಿಡಿದಾಗ ಕಡಲಿಗೆ ಹೋದ ಗಂಡಸರು ಹಿಮ ಕರಗುವ ಕಾಲಕ್ಕೇ ಮನೆಗೆ ಬರುತ್ತಿದ್ದುದು. ಬೈದದ್ದಾದ ಮೇಲೆ ಒಳಗೆ ಹೋಗಿ ಒಂದು ಜೊತೆ ಉಣ್ಣೆಯ ಕೈಗವಸು ತಂದು ಕೊಟ್ಟರು. ಒಂದೊಂದು ಕೈಗೂ ಎರಡೆರಡು ಹೆಬ್ಬೆರಳು. ಇದೇನು ನಾಲ್ಕು ಹೆಬ್ಬೆರಳಿನ ಮನುಷ್ಯ ಎಂದು ನಾನು ನಕ್ಕೆ. ದೋಣಿಯ ಹುಟ್ಟು ಹಾಕಿ ಹಾಕಿ ಅಂಗೈ ಒದ್ದೆಯಾದರೆ ತಿರುಗಿಸಿ ಹಾಕಿಕೊಳ್ಳಬೇಕಂತೆ, ಆಗ ಆ ಕಡೆಯ ಬೆರಳು ಕೆಲಸಕ್ಕೆ ಬರುತ್ತದಂತೆ. ಇವರು ಆ ಚಳಿಗಾಲ ಪೂರ್ತಿ ಅವನ್ನೇ ಹಾಕಿಕೊಂಡು ತಿರುಗಿದರು. ಲೈಬ್ರರಿಗೆ, ಇಂಡಿಯನ್ ಸ್ಟೋರಿಗೆ, ಕನ್ನಡ ಕೂಟದ ಸಂಕ್ರಾಂತಿಗೆ. ಖಾಲಿ ಬಿದ್ದ ಬೆರಳುಗಳು ಎರಡೂ ಕೈಯಲ್ಲಿ ಜೋತಾಡುತ್ತಿದ್ದವು. ಎಳ್ಳುಬೆಲ್ಲ ತೆಗೆದುಕೊಳ್ಳಲು ಕೈಚಾಚಿದಾಗ ಎದುರಿನವರು ಒಂದು ಹೆಜ್ಜೆ ಹಿಂದೆ ಹೋಗುತ್ತಿದ್ದರು.

ಒಂದೇ ಒಂದು ಕೆಲಸವನ್ನು ಇವರು ಎರಡನೇ ಸಲ ಹೇಳಲಿಲ್ಲ. ಸ್ನೆಕ್ಕರ್ ಎಂದರೆ ಬಡಗಿ ಎಂದು ಕಲಿತ ಉತ್ಸಾಹದಲ್ಲಿ ಹೋಗಿ ಹೇಳಿಬಿಟ್ಟಿದ್ದರು. ಅಜ್ಜಿ ಸರಪಳಿಯನ್ನು ಎಷ್ಟು ಆತುರದಲ್ಲಿ ತೆಗೆದರೆಂದರೆ ಕೈ ತರಚಿಕೊಂಡಿತು. ಬಾಗಿಲು ಪೂರ್ತಿ ತೆರೆದು ಇವರ ಮುಖ ನೋಡಿದರು. ಆಮೇಲೆ ಒಳಗೆ ಹೋಗಿ ಕೂತುಬಿಟ್ಟರು. ಆ ದಿನ ಬಿಸ್ಕತ್ತು ಬರಲಿಲ್ಲ.

ಕೆಲಸ ಹೀಗೆ ದಿನಕ್ಕೊಂದಾದರೂ ಎರಡನೆಯ ಪ್ರಶ್ನೆಗೆ ಇವರ ಉತ್ತರ ಎಂದೂ ಬದಲಾಗಲಿಲ್ಲ. "ಹಿಂದು." ನಾರ್ವೇಜಿಯನ್‌ನಲ್ಲೂ ಅದು ಹಿಂದುವೇ. ಅಜ್ಜಿಗೆ ಪ್ರತಿದಿನವೂ ಅದು ಹೊಸ ಆಘಾತ. ಪ್ರತಿದಿನವೂ ಕೈ ಜೋಡಿಸಿ, ಕಣ್ಣು ಮುಚ್ಚಿ, ಇವರ ಆತ್ಮಕ್ಕಾಗಿ ಪ್ರಾರ್ಥನೆ ಮಾಡುತ್ತಿದ್ದರು. ಇವರು ಬಿಸ್ಕತ್ತು ಹಿಡಿದುಕೊಂಡು ಅದು ಮುಗಿಯುವವರೆಗೆ ವಿಧೇಯವಾಗಿ ಕಾಯುತ್ತಿದ್ದರು.

"ಕ್ರಿಸ್ತೆನ್ ಅಂದುಬಿಡಿ ಅತ್ಲಾಗೆ. ಡಾಕ್ಟರು ಅಂತ ಸುಳ್ಳು ಹೇಳೋರಿಗೆ ಇದೇನು ಕಷ್ಟ? ಮನೇಲಿ ಒಂದಿನ ದೇವರ ಮುಂದೆ ದೀಪ ಹಚ್ಚಿದೋರಲ್ಲ ನೀವು," ಎಂದು ನಾನು ಛೇಡಿಸುತ್ತಿದ್ದೆ. ನಿಜವೇ, ದೇವಸ್ಥಾನಕ್ಕೆ ಬಂದರೆ ಇವರು ಪ್ರಸಾದದ ಕೌಂಟರಿನ ಹತ್ತಿರವೇ ನಿಲ್ಲುತ್ತಿದ್ದರು.

"ಕೆಲಸ ಬಾಡಿಗೆ ಮನೆ ಇದ್ದ ಹಾಗೆ ಕಣೆ, ಬದಲಾಯಿಸಬಹುದು," ಎಂದರು ಒಮ್ಮೆ. "ಇದು ಹಾಗಲ್ಲ." ಟೀವಿಯ ರಿಮೋಟು ಹುಡುಕತೊಡಗಿದರು.

ಜನವರಿಯಲ್ಲಿ ನಾವು ಮೇಘಾಳ ಮನೆಗೆ ನಾರ್ತ್‌ವಿಲ್‌ಗೆ ಹೋದೆವು. ಐದು ಗಂಟೆ ಡ್ರೈವ್. ಥರ್ಮಾಮೀಟರು ಸೊನ್ನೆಗಿಂತ ಕೆಳಗೆ ಇಳಿದಿತ್ತು, ಫ್ಯಾರನ್‌ಹೀಟಿನ ಸೊನ್ನೆ. ಭಾನುವಾರ ಮಧ್ಯಾಹ್ನ ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಾಗ ಇವರಿಗೆ ಫೋನು ಬಂತು. ಎರಿಕ್.

ನಡೆದದ್ದು ಇಷ್ಟು. ಅಜ್ಜಿಯನ್ನು ನೋಡಿಕೊಳ್ಳುವಾಕೆ ಒಲೆಯ ಮೇಲೆ ಹಾಲು ಇಟ್ಟು, ಕಸದ ಚೀಲ ಹಾಕಲು ಹೊರಗೆ ಹೋಗಿದ್ದಾಳೆ. ಅಜ್ಜಿ ಎದ್ದು ಬಂದು ಬಾಗಿಲು ಹಾಕಿ ಸರಪಳಿ ಬಿಗಿದಿದ್ದಾರೆ. ಹಿಂಬಾಗಿಲಿಗೂ ಅಗುಳಿ. ಒಲೆ ಉರಿಯುತ್ತಲೇ ಇದೆ. ಆಕೆ ಕರೆದು ಓಡಿ ಬಂದ ಎರಿಕ್ ಬೀಗ ತೆಗೆದರೂ ಸರಪಳಿ ಇದೆ. ಸುಟ್ಟ ವಾಸನೆ ಹೊರಗೆ ಬರುತ್ತಿದೆ. ಫೈರ್ ಎಂಜಿನ್‌ಗೆ ಫೋನ್ ಮಾಡಿದ್ದಾನೆ, ಹಿಮದಲ್ಲಿ ಅದು ಇನ್ನೂ ದಾರಿಯಲ್ಲಿದೆ. ಒದ್ದು ಮುರಿಯೋಣವೆಂದರೆ ಅಜ್ಜಿ ಬಾಗಿಲಿಗೇ ಒರಗಿಕೊಂಡು ನಿಂತಿದ್ದಾರೆ. ಎರಿಕ್ ನಾನು ನಿನ್ನ ಮಗ ಎಂದು ಎಷ್ಟು ಹೇಳಿದರೂ ಒಳಗಿನಿಂದ ಅದೇ ಪ್ರಶ್ನೆ.

"ನೀವು ಮಾತಾಡಿ," ಎಂದ. "ಪ್ಲೀಸ್. ನಾನು ಫೋನನ್ನ ಸಂದಿ ಹತ್ರ ಹಿಡೀತೀನಿ."

ಇವರು ಎದ್ದು ನಿಂತರು. ಮೇಘಾ ಓಡಿ ಬಂದು ಫೋನನ್ನು ಸ್ಪೀಕರಿಗೆ ಹಾಕಿದಳು. ನಾನು ರವೆಯ ಒಲೆ ಆರಿಸಿದೆ. ಇಲ್ಲಿನ ಒಲೆ ಆರಿಸಿದರೆ ಅಲ್ಲಿನದೂ ಆರುತ್ತದೆಯೇನೋ ಎನ್ನುವ ಹಾಗೆ.

"ವಾ ಆರ್ ದು?" ಅಜ್ಜಿಯ ಧ್ವನಿ ಸಣ್ಣಗೆ ಕೇಳಿಸಿತು. ಜೊತೆಗೆ ಒಂದು ಕೆಮ್ಮು.

"ಬಾಕರ್," ಎಂದರು ಇವರು.

ಒಳಗಿನಿಂದ ಬೇಡ ಎಂಬಂಥ ಶಬ್ದ.

"ಪೋಸ್ಟ್‌ಬೂದ್."

"ನೋ. ಸಂಡೇ," ಎಂದರು ಅಜ್ಜಿ. ಇಂಗ್ಲಿಷು ಎಲ್ಲ ಹೋದರೂ ಭಾನುವಾರ ಅಂಚೆ ಇಲ್ಲ ಎಂಬುದು ಉಳಿದುಕೊಂಡಿತ್ತು. ಬೇರೆ ಸಂದರ್ಭವಾಗಿದ್ದರೆ ನಾವು ಮೂವರೂ ನಗುತ್ತಿದ್ದೆವು.

ದರ್ಜಿ ಎಂದರು. ಕ್ಯಾಪ್ಟನ್ ಎಂದರು. ಮಗಳ ಮುಖ ನೋಡಿ ಡಾಕ್ಟರ್ ಎಂದೂ ಅಂದರು. ಮೇಘಾ ಈ ಸಲ ಕ್ರೈಮ್ ಎನ್ನಲಿಲ್ಲ, ತಲೆಯಾಡಿಸಿದಳು. ಒಳಗಿನಿಂದ ಉತ್ತರ ಬರುವ ಬದಲು ಕೆಮ್ಮು ಹೆಚ್ಚಾಯಿತು. ಹಿನ್ನೆಲೆಯಲ್ಲಿ ಹೊಗೆಯ ಅಲಾರಂ ಕೂಗಲು ಶುರುಮಾಡಿತು.

ನಾನು ಇವರ ತೋಳು ಹಿಡಿದು ಪಿಸುಗುಟ್ಟಿದೆ. "ಸ್ನೆಕ್ಕರ್ ಅನ್ರೀ. ತೆಗೀತಾರೆ."

ಇವರು ಫೋನಿನ ಮೇಲೆ ಕೈ ಮುಚ್ಚಿದರು. "ತೆಗೆದ ಮೇಲೆ ಯಾರನ್ನ ತೋರಿಸ್ಲಿ?"

"ಪ್ರಾಣ ಉಳಿಯತ್ತಲ್ರೀ."

"ಒಂದು ನಿಮಿಷ ತಡಿ," ಎಂದರು. ಆ ಶಬ್ದ ಅವರ ನಾಲಿಗೆಯ ತುದಿಗೆ ಬಂದಿತ್ತು ಎಂದು ನನಗೆ ಗೊತ್ತು. ಗಲ್ಲ ಮೇಲಕ್ಕೆತ್ತಿದ್ದರು. ಜೀವನದಲ್ಲಿ ಮೊದಲ ಸಲ ನಾನು ಚಿವುಟದೆ ನಿಂತೆ.

ಅಷ್ಟರಲ್ಲಿ ಅಜ್ಜಿಯೇ ಎರಡನೆಯದನ್ನು ಕೇಳಿದರು. "ವಾ ತ್ರೂರ್ ದು ಪೋ?"

"ಹಿಂದು," ಎಂದರು ಇವರು. ಕೂಗಿ ಅಲ್ಲ, ದಿನಾ ಹೇಳುವ ಹಾಗೆಯೇ.

ಆ ಕಡೆ ಅಲಾರಂ ಒಂದೇ ಕೂಗುತ್ತಿತ್ತು. ಆಮೇಲೆ ಸರಪಳಿ ಜಾರಿದ ಸದ್ದು ಕೇಳಿಸಿತು.

ಬಾಕರ್ ಊರಿಗೆ ನೂರು ಜನ ಇರಬಹುದು. ಅಂಚೆಯವರೂ ಡಾಕ್ಟರೂ ಎಲ್ಲ ಬೀದಿಯಲ್ಲೂ ಸಿಗುತ್ತಾರೆ. ಆದರೆ ಅಜ್ಜಿಗೆ ಪ್ರಪಂಚದಲ್ಲಿ ಗೊತ್ತಿದ್ದ ಹಿಂದು ಒಬ್ಬನೇ. ಹೆಸರು ಮರೆತಿದ್ದರು, ಮುಖ ಮರೆತಿದ್ದರು, ಇವರು ಹೇಳಿದ ಅಷ್ಟೂ ಸುಳ್ಳು ಕೆಲಸಗಳನ್ನು ಮರೆತಿದ್ದರು. ಅದೊಂದು ಎಲ್ಲೋ ಉಳಿದಿತ್ತು.

ಎರಿಕ್ ಒಳಗೆ ನುಗ್ಗಿ ಒಲೆ ಆರಿಸಿ ಕಿಟಕಿ ತೆರೆದ. ಪಾತ್ರೆ ಕರಕಲಾಗಿತ್ತು, ಬೇರೇನೂ ಆಗಿರಲಿಲ್ಲ. ಅಜ್ಜಿ ಮಾತ್ರ ಹೊಸ್ತಿಲಲ್ಲೇ ನಿಂತು ಆಚೆ ಈಚೆ ಹಿಂದುವನ್ನು ಹುಡುಕುತ್ತಿದ್ದರಂತೆ. ಎರಿಕ್ ಫೋನನ್ನು ಅವರ ಕೈಗೆ ಕೊಟ್ಟ. ಅಜ್ಜಿ ಅದರ ಮೇಲೆ ಕೈಯಿಟ್ಟು ಅಂದಿನ ಪ್ರಾರ್ಥನೆ ಮುಗಿಸಿದರು. ಮುನ್ನೂರು ಮೈಲಿ ಆಚೆ ಇವರು, ಬಿಸ್ಕತ್ತಿಲ್ಲದೆ, ತಲೆ ಬಗ್ಗಿಸಿ ನಿಂತು ಕೇಳಿಸಿಕೊಂಡರು. ಆಮೇಲೆ ಮೇಘಾಳ ಕಡೆ ತಿರುಗಿ, "ಕೇಳಬಾರದು, ಕೇಳಬಾರದು ಅಂತಿದ್ಯಲ್ಲ. ನೋಡಿದ್ಯಾ," ಎಂದರು. ಅವಳು ಅಪ್ಪನ ಹೆಗಲಿಗೆ ಹಣೆ ಒತ್ತಿ ನಿಂತಳು.

ಆಮೇಲೆ ಇವರು ಹೆಚ್ಚು ದಿನ ಇರಲಿಲ್ಲ. ಫೆಬ್ರವರಿ ಕೊನೆಯಲ್ಲಿ ಒಂದು ಬೆಳಿಗ್ಗೆ, ನಾನು ಕಾಫಿ ಬೆರೆಸಿ ತರುವಷ್ಟರಲ್ಲಿ ಇವರು ಕುರ್ಚಿಯಲ್ಲಿ ಕೂತ ಹಾಗೇ ಹೋಗಿದ್ದರು. ಹೃದಯ ಎಂದರು ಡಾಕ್ಟರು. ಫೋನು ತೊಡೆಯ ಮೇಲಿತ್ತು. ಆ್ಯಪಿನ ಹಕ್ಕಿ ಇವತ್ತಿನ ಪಾಠ ಬಾಕಿ ಇದೆ ಎಂದು ಗಂಟೆಗೊಮ್ಮೆ ಕೂಗುತ್ತಿತ್ತು. ಅದನ್ನು ನಿಲ್ಲಿಸುವುದು ಹೇಗೆಂದು ನನಗೆ ಗೊತ್ತಿರಲಿಲ್ಲ.

ಫ್ಯೂನರಲ್ ಹೋಮಿನವನು ಕಪ್ಪು ಕೋಟು ಹಾಕಿಕೊಂಡು, ತುಂಬ ಮರ್ಯಾದೆಯಿಂದ, ನಮ್ಮೆದುರು ಕೂತು ಕೇಳಿದ. ಅವರ ಉದ್ಯೋಗ ಏನಿತ್ತು? ಅವರ ನಂಬಿಕೆ ಯಾವುದು? ಇಷ್ಟು ವರ್ಷದಲ್ಲಿ ಈ ದೇಶದಲ್ಲಿ ಅಜ್ಜಿಯನ್ನು ಬಿಟ್ಟರೆ ಯಾರೂ ಇವರನ್ನು ಒಟ್ಟಿಗೆ ಕೇಳದ ಎರಡು ಪ್ರಶ್ನೆ, ಅದೂ ಇಂಗ್ಲಿಷಿನಲ್ಲಿ. ಉತ್ತರ ಹೇಳಲು ಇವರೇ ಇರಲಿಲ್ಲ. ನಾನು ಬಾಯಿ ತೆರೆದೆ. ಬಾಕರ್, ಸ್ಕ್ರೆಡ್ಡರ್, ಕ್ಯಾಪ್ಟನ್ ಎಲ್ಲ ಒಮ್ಮೆಲೇ ಗಂಟಲಿಗೆ ಬಂದವು. ಮೇಘಾ ನನ್ನ ಕೈಮೇಲೆ ಕೈಯಿಟ್ಟು, "ಕೋಆರ್ಡಿನೇಟರ್," ಎಂದು ಹೇಳಿದಳು. ಎರಡನೆಯದನ್ನು ನಾನೇ ಹೇಳಿದೆ.

ಮಾರ್ಚಿನಲ್ಲಿ, ಎಲ್ಲರೂ ಹೊರಟುಹೋದ ಮೇಲೆ, ಮತ್ತೆ ಹಿಮ ಬಿತ್ತು. ಪಕ್ಕದ ಮನೆಯ ಮುಂದೆ ಯಾರೂ ಎತ್ತಿಹಾಕಿರಲಿಲ್ಲ. ಇವರ ಕೋಟು ಹಾಕಿಕೊಂಡು, ಜೇಬಿನಲ್ಲಿದ್ದ ಕೈಗವಸು ಹಾಕಿಕೊಂಡು ಹೋದೆ. ನನಗೆ ಹಿಮ ಎತ್ತುವ ಅಭ್ಯಾಸವಿಲ್ಲ, ಸ್ವಲ್ಪ ಹೊತ್ತಿಗೇ ಅಂಗೈ ಒದ್ದೆಯಾಯಿತು. ನಿಂತು, ಕೈಗವಸುಗಳನ್ನು ತಿರುಗಿಸಿ ಹಾಕಿಕೊಂಡೆ. ನಾನು ನಕ್ಕಿದ್ದ ಆ ಎರಡನೇ ಹೆಬ್ಬೆರಳು ಒಣಗಿ ಬೆಚ್ಚಗಿತ್ತು.

ಮುಗಿದ ಮೇಲೆ ಬಾಗಿಲು ತಟ್ಟಿದೆ. ಸಂದಿಯಲ್ಲಿ ಒಂದು ಕಣ್ಣು ಬಂತು.

"ವಾ ಆರ್ ದು?"

ಇವರ ಹಿಂದೆ ಹಿಂದೆ ಎಷ್ಟು ಸಲ ಬಂದು ನಿಂತಿದ್ದರೂ ನನ್ನನ್ನು ಯಾರೂ ಇದನ್ನು ಕೇಳಿರಲಿಲ್ಲ. ಸುಮ್ಮನೆ ಎರಡನೆಯದಕ್ಕೆ ಕಾದೆ. ಅದೂ ಬಂತು.

"ಹಿಂದು," ಎಂದೆ.

ಸರಪಳಿ ಜಾರಿತು. ಬಾಗಿಲು ಪೂರ್ತಿ ತೆರೆಯಿತು. ಅಜ್ಜಿ ನನ್ನನ್ನು ನೋಡಲಿಲ್ಲ, ನನ್ನ ಹೆಗಲಿನಾಚೆ ನೋಡಿದರು. ಆಮೇಲೆ ನನ್ನ ಮುಖ ನೋಡಿ ಏನೋ ಕೇಳಿದರು. ಮಾತು ತಿಳಿಯದಿದ್ದರೂ ಯಾರ ವಿಷಯ ಎಂದು ತಿಳಿಯಿತು.

ಬೇಸ್‌ಮೆಂಟಿನಿಂದ ಮೇಲೆ ಬಂದು ನನ್ನ ಕಿವಿಗೆ ಬಿದ್ದಿದ್ದ ನಾರ್ವೇಜಿಯನ್ ಶಬ್ದಗಳು ಎಲ್ಲವೂ ಉದ್ಯೋಗಗಳೇ. ಹೋಗಿಬಿಟ್ಟರು ಎನ್ನುವುದಕ್ಕೆ ಅದರಲ್ಲಿ ಒಂದು ಮಾತೂ ಇರಲಿಲ್ಲ. ಇದ್ದುದರಲ್ಲೇ ಹುಡುಕಿದೆ.

"ಫಿಸ್ಕರ್," ಎಂದೆ.

ಅಜ್ಜಿಯ ಮುಖದ ಬಿಗಿ ಸಡಿಲವಾಯಿತು. ಬೀದಿಯ ಹಿಮವನ್ನೂ ಆಕಾಶವನ್ನೂ ನೋಡಿ ತಲೆಯಾಡಿಸಿದರು. ಇನ್ನೂ ಚಳಿ ಇದೆ, ಈಗ ಕಡಲಿನಲ್ಲೇ ಇರಬೇಕು, ಸರಿ. ಆಮೇಲೆ ಏನೋ ನೆನಪಾಗಿ ಗಾಬರಿಯಿಂದ ತಮ್ಮ ಎರಡೂ ಕೈಗಳನ್ನು ಎತ್ತಿ, ಒಂದರ ಮೇಲೊಂದು ಉಜ್ಜಿ ತೋರಿಸಿ ಕೇಳಿದರು. ಕೈಗವಸು ತೆಗೆದುಕೊಂಡು ಹೋಗಿದ್ದಾನೆ ತಾನೆ?

ನಾನು ನನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು, "ಯಾ," ಎಂದೆ.